ಸತ್ತವರ ಪಾಲು

ಹೆಸರು ಉಳಿದು ಅರ್ಥ ಮಾಸಿಹೋದ ಹಬ್ಬಗಳು ಲೋಕದಲ್ಲಿ ಎಷ್ಟೋ ಇವೆ. ಹ್ಯಾಲೋವೀನ್ ಅಂಥವುಗಳಲ್ಲಿ ಒಂದು. ಅಕ್ಟೋಬರ್ ೩೧ರ ಸಂಜೆ ಅಮೆರಿಕದ ಮಕ್ಕಳು ಭೂತ, ಪಿಶಾಚಿ, ಮಾಟಗಾತಿಯರ ವೇಷ ತೊಟ್ಟು ಮನೆಮನೆಯ ಬಾಗಿಲು ತಟ್ಟಿ ಮಿಠಾಯಿ ಬೇಡುತ್ತಾರೆ. ಹಿರಿಯರು ಕುಂಬಳಕಾಯಿಯ ತಿರುಳು ತೆಗೆದು, ಅದಕ್ಕೆ ಕಣ್ಣು ಮೂಗು ಹಲ್ಲು ಕೊರೆದು, ಒಳಗೆ ದೀಪವಿಟ್ಟು ಹೊಸ್ತಿಲ ಮುಂದೆ ಇಡುತ್ತಾರೆ. ಈಚೆಗೆ ಬೆಂಗಳೂರಿನ ಮಾಲುಗಳಲ್ಲೂ ದೊಡ್ಡ ವಸತಿ ಸಮುಚ್ಚಯಗಳಲ್ಲೂ ಈ ಆಟ ಕಾಣಿಸಿಕೊಂಡಿರುವುದನ್ನು ವಾಚಕರು ಬಲ್ಲರು. ಇದನ್ನು ಕಂಡು ಕೆಲವರು ‘ಪಾಶ್ಚಾತ್ಯರ ಹುಚ್ಚು’ ಎಂದು ಮೂಗು ಮುರಿಯುತ್ತಾರೆ. ಕೆಲವರು ‘ಮಕ್ಕಳ ಸಂತೋಷ, ಇರಲಿ ಬಿಡಿ’ ಎನ್ನುತ್ತಾರೆ. ಕ್ರೈಸ್ತರಲ್ಲೇ ಕೆಲವರು ‘ಇದು ಸೈತಾನನ ಹಬ್ಬ, ನಮ್ಮ ಮನೆಗೆ ಬೇಡ’ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಮೂವರೂ ಆ ಹೆಸರಿನ ಅರ್ಥವೇನೆಂದು ಕೇಳಲು ಹೋಗುವುದಿಲ್ಲ.

ಹೆಸರು ಬಹಳ ಸರಳವಾದದ್ದು. ‘ಹ್ಯಾಲೋ’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಪುಣ್ಯಾತ್ಮ, ಸಂತ ಎಂದರ್ಥ. ‘ಈನ್’ ಎಂಬುದು ಸಂಜೆ ಎಂಬ ಮಾತಿನ ಸವೆದ ರೂಪ. ಎರಡೂ ಸೇರಿದರೆ ಸಂತರ ಹಬ್ಬದ ಮುನ್ನಿನ ಸಂಜೆ. ನವೆಂಬರ್ ೧ ಕ್ಯಾಥೊಲಿಕ್ ಧರ್ಮಸಭೆಯಲ್ಲಿ ಸಕಲ ಸಂತರ ಹಬ್ಬ. ಅದರ ಮರುದಿನ, ನವೆಂಬರ್ ೨, ಮರಣ ಹೊಂದಿದ ಸಕಲ ವಿಶ್ವಾಸಿಗಳ ಸ್ಮರಣೆಯ ದಿನ. ಯೆಹೂದ್ಯರಲ್ಲಿ ದಿನವು ಸೂರ್ಯಾಸ್ತದಿಂದ ಆರಂಭವಾಗುತ್ತದೆ. ಆ ಪದ್ಧತಿ ಕ್ರೈಸ್ತರಿಗೂ ಬಂದು, ದೊಡ್ಡ ಹಬ್ಬಗಳ ಆರಾಧನೆ ಹಿಂದಿನ ಸಂಜೆಯೇ ಮೊದಲಾಗುತ್ತದೆ. ಕ್ರಿಸ್‌ಮಸ್ಸಿಗೆ ಹಿಂದಿನ ರಾತ್ರಿ ಹೇಗೋ, ಸಂತರ ಹಬ್ಬಕ್ಕೆ ಹ್ಯಾಲೋವೀನ್ ಹಾಗೆ. ಹಬ್ಬ ಮರೆತು, ಅದರ ಮುನ್ನಾದಿನ ಮಾತ್ರ ಜನರ ನೆನಪಿನಲ್ಲಿ ನಿಂತಿದೆ. ಮದುವೆ ಮರೆತು ದೇವರ ಸಮಾರಾಧನೆಯ ಊಟವಷ್ಟೇ ನೆನಪಿದ್ದ ಹಾಗೆ.

ಶಬ್ದಾರ್ಥವನ್ನು ತಿಳಿದುಕೊಂಡರೆ ವಿಷಯ ಮುಗಿಯಿತೆ? ಮುಗಿಯಲಿಲ್ಲ. ಈ ಮೂರು ದಿನಗಳ ಹಿಂದೆ ಮನುಷ್ಯ ಜೀವಿಯನ್ನು ಎಂದಿನಿಂದಲೂ ಕಾಡಿದ ಒಂದು ಪ್ರಶ್ನೆ ಇದೆ: ಸತ್ತವರಿಗೂ ಬದುಕಿರುವವರಿಗೂ ನಡುವೆ ಏನಾದರೂ ಸಂಬಂಧ ಉಳಿದಿದೆಯೆ? ಉಳಿದಿದ್ದರೆ ನಾವು ಅವರಿಗೆ ಸಲ್ಲಿಸಬೇಕಾದ್ದು ಏನು? ಆ ಪ್ರಶ್ನೆಗೆ ಕ್ಯಾಥೊಲಿಕರು ಕೊಟ್ಟುಕೊಂಡ ಉತ್ತರವನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಆ ಮತದವರಲ್ಲದವರಿಗೂ ಅದರಲ್ಲಿ ಯೋಚಿಸತಕ್ಕ ಸಂಗತಿ ಇದೆ.

ಮೊದಲು ಚರಿತ್ರೆಯನ್ನು ನೋಡೋಣ. ರೋಮ್ ಸಾಮ್ರಾಜ್ಯದಲ್ಲಿ ಕ್ರೈಸ್ತರು ಹಿಂಸೆಗೆ ಗುರಿಯಾಗಿದ್ದ ಕಾಲದಲ್ಲಿ, ನಂಬಿಕೆಗಾಗಿ ಪ್ರಾಣಕೊಟ್ಟವರ ಸಮಾಧಿಯ ಬಳಿ ಅವರವರ ಮರಣದ ದಿನ ಜನ ಕೂಡುತ್ತಿದ್ದರು. ಆ ದಿನವನ್ನು ಅವರು ಕರೆಯುತ್ತಿದ್ದುದು ‘ಜನ್ಮದಿನ’ ಎಂದು. ಸಾವನ್ನು ಹುಟ್ಟು ಎಂದು ಕರೆಯುವ ಈ ಧೈರ್ಯವನ್ನು ಗಮನಿಸಬೇಕು. ಮುಂದಿನದೆಲ್ಲ ಅದರಿಂದಲೇ ಹೊರಟದ್ದು. ಕ್ರಿ.ಶ. ೩೦೩ರಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿಯ ಕಾಲದ ಮಹಾ ಹಿಂಸೆ ಆರಂಭವಾಗಿ, ಹುತಾತ್ಮರ ಸಂಖ್ಯೆ ಬೆಳೆಯಿತು. ಒಬ್ಬೊಬ್ಬರಿಗೆ ಒಂದೊಂದು ದಿನವೆಂದರೆ ವರ್ಷದ ದಿನಗಳು ಸಾಲವು. ಹೆಸರು ಗೊತ್ತಿಲ್ಲದೆ ಸತ್ತವರ ಗತಿಯೇನು? ಹೀಗೆ ಎಲ್ಲ ಹುತಾತ್ಮರಿಗೂ ಸೇರಿ ಒಂದು ದಿನ ಬೇಕಾಯಿತು. ಅಂಥ ಹಬ್ಬ ೪ನೆಯ ಶತಮಾನದಲ್ಲೇ ಪೂರ್ವದೇಶದ ಸಭೆಗಳಲ್ಲಿ ಇತ್ತು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಇಂದಿಗೂ ಅದನ್ನು ಪೆಂತೆಕೋಸ್ತ್ ಹಬ್ಬದ ಮುಂದಿನ ಭಾನುವಾರ ಆಚರಿಸುತ್ತವೆ.

ರೋಮಿನಲ್ಲಿ ಇದಕ್ಕೆ ಒಂದು ಕಟ್ಟಡದ ಕಥೆ ಸೇರಿಕೊಂಡಿದೆ. ಸಕಲ ದೇವತೆಗಳಿಗೂ ಮೀಸಲೆಂದು ಹೆಸರಾಗಿದ್ದ ಪ್ಯಾಂಥಿಯನ್ ಎಂಬ ಭವ್ಯ ದೇಗುಲವನ್ನು ಪೋಪ್ ೪ನೆಯ ಬೊನಿಫೇಸ್ ಕ್ರಿ.ಶ. ೬೦೯ರ ಸುಮಾರಿಗೆ ಮೇ ೧೩ರಂದು ಕನ್ಯಾಮರಿಯಮ್ಮನಿಗೂ ಸಕಲ ಹುತಾತ್ಮರಿಗೂ ಅರ್ಪಿಸಿದರು. ಆ ಗೋಪುರ, ಅದರ ನೆತ್ತಿಯ ಬೆಳಕಿನ ಕಿಂಡಿ ಇಂದಿಗೂ ನಿಂತಿವೆ. ಕ್ರೈಸ್ತರ ದೇವಾಲಯವಾದದ್ದರಿಂದಲೇ ಅದು ಕಲ್ಲಿಗಾಗಿ ಕೆಡವಿದ ಇತರ ಕಟ್ಟಡಗಳ ಪಾಡಿಗೆ ಬರಲಿಲ್ಲವೆಂದು ಹೇಳಬೇಕು. ೮ನೆಯ ಶತಮಾನದಲ್ಲಿ ಪೋಪ್ ೩ನೆಯ ಗ್ರೆಗೊರಿ ಸಂತ ಪೇತ್ರರ ದೇವಾಲಯದಲ್ಲಿ ಸಕಲ ಸಂತರಿಗಾಗಿ ಒಂದು ಪ್ರಾರ್ಥನಾ ಮಂದಿರ ಕಟ್ಟಿಸಿದರು. ಕ್ರಿ.ಶ. ೮೦೦ರ ಸುಮಾರಿಗೆ ಇಂಗ್ಲೆಂಡ್ ಮತ್ತು ಜರ್ಮನಿಯ ಕೆಲವು ಕಡೆ ನವೆಂಬರ್ ೧ರ ಆಚರಣೆ ಕಾಣುತ್ತದೆ. ೮೩೫ರಲ್ಲಿ ಪೋಪ್ ೪ನೆಯ ಗ್ರೆಗೊರಿಯ ಕಾಲದಲ್ಲಿ, ಲೂಯಿ ಚಕ್ರವರ್ತಿಯ ಆಜ್ಞೆಯಿಂದ, ಅದು ಫ್ರಾಂಕರ ಸಾಮ್ರಾಜ್ಯಕ್ಕೆಲ್ಲ ಹರಡಿತು.

ಇಲ್ಲಿ ಒಂದು ಆಕ್ಷೇಪವನ್ನು ಕೇಳಬೇಕು. ಐರ್ಲೆಂಡಿನ ಕೆಲ್ಟ್ ಜನ ಚಳಿಗಾಲದ ಮೊದಲಿಗೆ ‘ಸೌಇನ್’ ಎಂಬ ಹಬ್ಬ ಮಾಡುತ್ತಿದ್ದರು. ಅದನ್ನೇ ಧರ್ಮಸಭೆ ಕದ್ದು ಮೇಲೆ ಬಣ್ಣ ಬಳಿಯಿತು ಎಂದು ಹಲವರು ಬರೆಯುತ್ತಾರೆ. ಚಳಿಗಾಲದ ಹೊಸ್ತಿಲಲ್ಲಿ ಆ ಹಬ್ಬ ನಡೆಯುತ್ತಿದ್ದುದು ನಿಜ. ಆದರೆ ಕ್ರಿ.ಶ. ೮೦೦ರ ಸುಮಾರಿನ ಐರಿಷ್ ಪಂಚಾಂಗವೊಂದರ ಪ್ರಕಾರ ಐರ್ಲೆಂಡಿನ ಕ್ರೈಸ್ತರೇ ಸಕಲ ಸಂತರ ಹಬ್ಬವನ್ನು ಏಪ್ರಿಲ್ ೨೦ರಂದು ಆಚರಿಸುತ್ತಿದ್ದರು. ಕೆಲ್ಟರ ನಾಡಿನವರು ಏಪ್ರಿಲಿನಲ್ಲಿ ಮಾಡುತ್ತಿದ್ದ ಹಬ್ಬ ಕೆಲ್ಟರ ಹಬ್ಬವನ್ನು ಮುಚ್ಚಲೆಂದು ನವೆಂಬರಿಗೆ ಬಂತೆಂಬುದು ಹೇಗೆ? ಬ್ರಿಟನ್ನಿನ ಹಬ್ಬಗಳನ್ನು ಕುರಿತು ೧೯೯೬ರಲ್ಲಿ ದೊಡ್ಡ ಗ್ರಂಥ ಬರೆದ ಇತಿಹಾಸಕಾರ ರೊನಾಲ್ಡ್ ಹಟನ್, ಆ ಪ್ರಾಚೀನ ಹಬ್ಬ ಸತ್ತವರ ಹಬ್ಬವಾಗಿತ್ತೆಂಬುದಕ್ಕೆ ಆಧಾರ ಬಹಳ ತೆಳುವೆಂದು ತೋರಿಸಿದ್ದಾನೆ. ಬೆಂಕಿ ಹಾಕುವುದು, ಕಣಿ ನೋಡುವುದು ಮೊದಲಾದ ಹಳ್ಳಿಯ ಆಚಾರಗಳು ಹಳೆಯ ಕಾಲದಿಂದ ಬಂದಿರಬಹುದು. ಸತ್ತವರು ಈ ಹಬ್ಬದೊಳಗೆ ಬಂದದ್ದು ಕ್ರೈಸ್ತರ ಬಾಗಿಲಿನಿಂದ.

ಹಾಗಲ್ಲ, ಹಬ್ಬದ ಬೇರು ಅನ್ಯಮತದ್ದೇ ಎಂದಿಟ್ಟುಕೊಂಡರೂ ಏನಾಯಿತು? ಬೇರು ಯಾವ ಮಣ್ಣಿನಲ್ಲಿದ್ದರೂ ಹಣ್ಣಿನ ರುಚಿಯನ್ನು ನಾಲಗೆಯಿಂದಲೇ ಅರಿಯಬೇಕು. ಕ್ರಿ.ಶ. ೬೦೧ರಲ್ಲಿ ಪೋಪ್ ಮಹಾ ಗ್ರೆಗೊರಿ ಇಂಗ್ಲೆಂಡಿಗೆ ಹೊರಟಿದ್ದ ಪ್ರಚಾರಕರಿಗೆ ಬರೆದ ಪತ್ರದಲ್ಲಿ, ಆ ಜನರ ದೇಗುಲಗಳನ್ನು ಕೆಡವಬೇಡಿ, ಶುದ್ಧಿಮಾಡಿ ಬಳಸಿಕೊಳ್ಳಿ ಎಂದು ಸೂಚಿಸಿದ್ದರು. ಆ ನೀತಿ ಸರಿಯೋ ತಪ್ಪೋ ಎಂದು ವಾದಿಸಬಹುದು. ಒಂದು ಆಚರಣೆಯ ಯೋಗ್ಯತೆಯನ್ನು ಅದರ ಜಾತಕ ನೋಡಿ ತೀರ್ಮಾನಿಸುವುದಂತೂ ವಿವೇಕವಲ್ಲ.

ಇನ್ನು ಅರ್ಥಕ್ಕೆ ಬರೋಣ. ಸಕಲ ಸಂತರ ಹಬ್ಬ ಯಾರಿಗಾಗಿ? ಹೆಸರಾಂತ ಸಂತರಿಗೆ ಪಂಚಾಂಗದಲ್ಲಿ ತಮ್ಮ ತಮ್ಮ ದಿನಗಳು ಇದ್ದೇ ಇವೆ. ಪೋಪರು ವಿಧಿವತ್ತಾಗಿ ಒಬ್ಬರನ್ನು ಸಂತಪದವಿಗೇರಿಸಿದ ಮೊದಲ ದಾಖಲೆ ಕ್ರಿ.ಶ. ೯೯೩ರದು, ಆಗ್ಸ್‌ಬರ್ಗಿನ ಬಿಷಪ್ ಉಲ್ರಿಕ್ ಆ ಗೌರವ ಪಡೆದವರು. ಅಂದಿನಿಂದ ವಿಚಾರಣೆ, ಸಾಕ್ಷ್ಯ, ಪವಾಡಗಳ ಪರಿಶೀಲನೆ ಎಂದು ಪದ್ಧತಿ ಬಿಗಿಯಾಗುತ್ತ ಬಂದಿದೆ. ತಿರುವಾಂಕೂರಿನ ದೇವಸಹಾಯಂ ಪಿಳ್ಳೆ ಪ್ರಾಣ ತೆತ್ತದ್ದು ೧೭೫೨ರಲ್ಲಿ. ಸಂತರೆಂದು ಘೋಷಿತರಾದದ್ದು ೨೦೨೨ರ ಮೇ ತಿಂಗಳಿನಲ್ಲಿ. ಇನ್ನೂರ ಎಪ್ಪತ್ತು ವರ್ಷ! ಕಡತ ಇದ್ದವರಿಗೇ ಹೀಗಾದರೆ, ಕಡತವಿಲ್ಲದವರ ಪಾಡೇನು? ರೋಗಿ ಗಂಡನನ್ನು ಇಪ್ಪತ್ತು ವರ್ಷ ನೋಡಿಕೊಂಡು ಒಂದು ಕೊಂಕುಮಾತನ್ನೂ ಆಡದ ಹೆಂಡತಿ, ಸುಳ್ಳುಲೆಕ್ಕ ಬರೆಯಲೊಲ್ಲದೆ ಕೆಲಸ ಕಳೆದುಕೊಂಡ ಗುಮಾಸ್ತ, ಬರಗಾಲದಲ್ಲಿ ತನ್ನ ಪಾಲಿನ ಗಂಜಿಯನ್ನು ನೆರೆಯವರ ಮಗುವಿಗೆ ಎರೆದ ಮುದುಕಿ, ಇವರ ವಿಚಾರಣೆಗೆ ಯಾವ ನ್ಯಾಯಪೀಠ ಕೂಡುತ್ತದೆ?

ನವೆಂಬರ್ ೧ ಇವರ ಹಬ್ಬ. ಯಾರೂ ಎಣಿಸಲಾರದಷ್ಟು ದೊಡ್ಡ ಸಮೂಹವೊಂದನ್ನು ಯೊವಾನ್ನರ ಪ್ರಕಟನಾ ಗ್ರಂಥ ವರ್ಣಿಸುತ್ತದೆ. ಅಂದಿನ ಬಲಿಪೂಜೆಯಲ್ಲಿ ಓದುವುದು ಆ ಭಾಗವನ್ನೇ. ಒಳ್ಳೆಯತನಕ್ಕೆ ದಾಖಲೆ ಇಲ್ಲದಿದ್ದರೂ ಅದು ನಷ್ಟವಾಗುವುದಿಲ್ಲ ಎಂಬುದು ಆ ಹಬ್ಬದ ತಿರುಳು. ಇದು ಸಣ್ಣ ಮಾತಲ್ಲ. ನಾವು ಮಾಡುವ ಒಳಿತಿನಲ್ಲಿ ಬಹುಪಾಲು ಯಾರ ಕಣ್ಣಿಗೂ ಬೀಳದೆ ಹೋಗತಕ್ಕದ್ದು. ಕಂಡದ್ದೇ ಒಳಿತು, ಕಾಣದ್ದು ವ್ಯರ್ಥ ಎಂದಾದರೆ ಸದಾಚಾರದ ಬುಡವೇ ಅಲುಗಾಡುತ್ತದೆ.

ಸಂತರ ಮಾತು ಇಷ್ಟಾಯಿತು. ಆದರೆ ಸತ್ತವರೆಲ್ಲ ಸಂತರೆ? ನಮ್ಮ ಅಪ್ಪ, ಅಜ್ಜಿ, ಸೋದರಮಾವಂದಿರು ಸಂತರೆ? ಇಲ್ಲ. ದುಷ್ಟರೆ? ಅದೂ ಅಲ್ಲ. ನಮ್ಮಂತೆಯೇ ಅರೆಬರೆ ಮನುಷ್ಯರು: ಕೆಲವೊಮ್ಮೆ ಉದಾರಿಗಳು, ಕೆಲವೊಮ್ಮೆ ಜಿಪುಣರು, ಒಂದು ದಿನ ಅಕ್ಕರೆ, ಇನ್ನೊಂದು ದಿನ ಕ್ರೌರ್ಯ. ಇಂಥವರಿಗಾಗಿ ಎರಡನೆಯ ದಿನ ಬೇಕಾಯಿತು. ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಓದಿಲೋ, ಕ್ರಿ.ಶ. ೧೦೦೦ದ ಆಸುಪಾಸಿನಲ್ಲಿ, ತನ್ನ ಮಠಕ್ಕೆ ಸೇರಿದ ಎಲ್ಲ ಮನೆಗಳಲ್ಲಿಯೂ ಸಂತರ ಹಬ್ಬದ ಮರುದಿನ ಸಕಲ ಮೃತರಿಗಾಗಿ ಗಂಟೆ ಬಾರಿಸಿ, ಬಲಿಪೂಜೆ ಮಾಡಿ, ಬಡವರಿಗೆ ದಾನ ಕೊಡಬೇಕೆಂದು ಕಟ್ಟಳೆ ಮಾಡಿದರು. ಹಾಗೆ ಪ್ರಾರ್ಥಿಸುವ ಪದ್ಧತಿ ಅದಕ್ಕಿಂತ ಬಹಳ ಹಳೆಯದು. ತಮ್ಮವರೆಂಬವರು ಇಲ್ಲದ ಸತ್ತವರನ್ನೂ ಒಳಗೊಂಡಂತೆ ಎಲ್ಲರಿಗೂ ಒಂದೇ ದಿನ ಇಟ್ಟದ್ದು ಆತನ ವಿಶೇಷ. ಮಹಾಲಯದ ತರ್ಪಣದಲ್ಲಿ ತಂದೆತಾಯಿ ಬಂಧುಗಳಾರೂ ಇಲ್ಲದವರಿಗೂ ಒಂದು ಬೊಗಸೆ ನೀರು ಬಿಡುವ ಪದ್ಧತಿಯನ್ನು ಬಲ್ಲ ನಮ್ಮ ವಾಚಕರಿಗೆ ಈ ಭಾವ ಅಪರಿಚಿತವಲ್ಲ.

ಕ್ಯಾಥೊಲಿಕ್ ನಂಬಿಕೆಯ ಪ್ರಕಾರ ದೇವರ ಪ್ರೀತಿಯಲ್ಲಿ ಸತ್ತರೂ ಪೂರ್ಣ ಶುದ್ಧರಾಗದವರಿಗೆ ಒಂದು ಶುದ್ಧೀಕರಣದ ಅವಸ್ಥೆ ಇದೆ. ೧೨೭೪ರಲ್ಲಿ ಲಿಯಾನ್, ೧೪೩೯ರಲ್ಲಿ ಫ್ಲಾರೆನ್ಸ್, ೧೫೬೩ರಲ್ಲಿ ಟ್ರೆಂಟ್ ಮಹಾಸಭೆಗಳು ಇದನ್ನು ಸಾರಿದವು. ಬದುಕಿರುವವರ ಪ್ರಾರ್ಥನೆ ಆ ಅವಸ್ಥೆಯಲ್ಲಿರುವವರಿಗೆ ಸಹಾಯವಾಗುತ್ತದೆ. ಸಂತರು, ಶುದ್ಧರಾಗುತ್ತಿರುವವರು, ಇನ್ನೂ ಈ ಲೋಕದಲ್ಲಿ ಹೋರಾಡುತ್ತಿರುವ ನಾವು, ಮೂವರೂ ಸೇರಿ ಒಂದೇ ಕುಟುಂಬ. ಇದಕ್ಕೆ ‘ಸಂತರ ಅನ್ಯೋನ್ಯತೆ’ ಎಂದು ಹೆಸರು. ಅಕ್ಟೋಬರ್ ೩೧ರ ಸಂಜೆ ತೆರೆಯುವುದು ಆ ಕುಟುಂಬದ ಮನೆಯ ಬಾಗಿಲನ್ನು.

ಇದರ ನೈತಿಕ ಬೆಲೆ ಏನೆಂಬುದನ್ನು ಯೋಚಿಸಿ. ಸತ್ತವರನ್ನು ಕುರಿತು ಒಳ್ಳೆಯದನ್ನೇ ಆಡಬೇಕೆಂಬುದು ಲೋಕರೂಢಿ. ಕುಡಿದು ಬಂದು ಹೆಂಡತಿ ಮಕ್ಕಳನ್ನು ಹೊಡೆಯುತ್ತಿದ್ದವನು ತೀರಿಕೊಂಡ ಹದಿಮೂರನೆಯ ದಿನ ‘ದೇವರಂಥ ಮನುಷ್ಯ’ನಾಗುತ್ತಾನೆ. ಪೆಟ್ಟು ತಿಂದ ಮಗನಿಗೆ ಈಗ ಎರಡೇ ದಾರಿ: ಎಲ್ಲರೊಂದಿಗೆ ತಲೆಯಾಡಿಸಿ ಸುಳ್ಳಿನಲ್ಲಿ ಪಾಲುಗೊಳ್ಳುವುದು, ಇಲ್ಲವೆ ಸತ್ತ ತಂದೆಯನ್ನು ದ್ವೇಷಿಸುತ್ತಲೇ ಉಳಿಯುವುದು. ಶುದ್ಧೀಕರಣದ ನಂಬಿಕೆ ಇವನಿಗೆ ಮೂರನೆಯ ದಾರಿಯನ್ನು ತೋರಿಸುತ್ತದೆ. ‘ಅಪ್ಪ ಮಾಡಿದ್ದು ತಪ್ಪು, ಅದು ಅವನಲ್ಲಿ ಸುಟ್ಟುಹೋಗಬೇಕು, ಸುಟ್ಟುಹೋದ ಮೇಲೆ ಉಳಿಯುವ ಅಪ್ಪನನ್ನು ನಾನು ನೋಡಬೇಕು’ ಎಂದು ಅವನು ಪ್ರಾರ್ಥಿಸಬಹುದು. ಸತ್ಯವನ್ನೂ ಬಿಡಬೇಕಾಗಿಲ್ಲ, ಪ್ರೀತಿಯನ್ನೂ ಬಿಡಬೇಕಾಗಿಲ್ಲ. ಬೆಂಕಿಯ ಆ ಚಿತ್ರವನ್ನು ಹೆದರಿಸುವ ಸಾಧನವಾಗಿ ಬೋಧಕರು ಬಳಸಿದ್ದುಂಟು. ಅಕ್ಕಸಾಲಿಯ ಕುಲುಮೆಯಲ್ಲಿಯೂ ಬೆಂಕಿಯೇ ಇರುವುದು. ಅಲ್ಲಿ ಹಾಕುವುದು ಬೆಲೆಯುಳ್ಳದ್ದನ್ನು ಮಾತ್ರ.

ಆದರೆ ಒಂದು ಗಟ್ಟಿಯಾದ ಪ್ರಶ್ನೆ ಉಳಿಯುತ್ತದೆ. ಒಬ್ಬನ ತಪ್ಪನ್ನು ಇನ್ನೊಬ್ಬನ ಪ್ರಾರ್ಥನೆ ತೊಳೆಯುವುದು ಹೇಗೆ? ಮಾಡಿದವನು ಉಣ್ಣಬೇಕು ಎಂಬುದಲ್ಲವೆ ನ್ಯಾಯ? ಹಾಗೆ ತೊಳೆಯಬಹುದಾದರೆ, ಹಣವಂತರು ಪ್ರಾರ್ಥನೆಯನ್ನು ಕೊಂಡುಕೊಳ್ಳುವುದಿಲ್ಲವೆ? ಇದು ಬರೀ ತರ್ಕದ ಆಕ್ಷೇಪವಲ್ಲ. ಚರಿತ್ರೆಯಲ್ಲಿ ನಡೆದದ್ದೂ ಹೌದು. ಜರ್ಮನಿಯಲ್ಲಿ ಪಾಪಕ್ಷಮೆಯ ಪತ್ರಗಳು ಹಣಕ್ಕೆ ಮಾರಾಟವಾಗುತ್ತಿದ್ದವು. ಮಾರ್ಟಿನ್ ಲೂಥರ್ ಅದನ್ನು ಪ್ರತಿಭಟಿಸಿ ತನ್ನ ತೊಂಬತ್ತೈದು ವಾದಗಳನ್ನು ಹೊರಡಿಸಿದ್ದು ೧೫೧೭ರ ಅಕ್ಟೋಬರ್ ೩೧ರಂದು. ಹೌದು, ಇದೇ ಸಂಜೆ! ವಿಟೆನ್‌ಬರ್ಗ್ ಕೋಟೆಯ ಚರ್ಚಿನ ಹೆಸರೇ ಸಕಲ ಸಂತರ ಚರ್ಚು. ಅಲ್ಲಿ ಸಂತರ ಅವಶೇಷಗಳ ದರ್ಶನಕ್ಕೆ ಮರುದಿನ ಜನ ನೆರೆಯುವವರಿದ್ದರು. ಪೋಪರಿಗೆ ಆತ್ಮಗಳನ್ನು ಬಿಡಿಸುವ ಶಕ್ತಿ ಇದ್ದರೆ ಹಣಕ್ಕಾಗಿ ಕೆಲವರನ್ನು ಬಿಡಿಸುವ ಬದಲು ಪ್ರೀತಿಯಿಂದ ಎಲ್ಲರನ್ನೂ ಏಕೆ ಬಿಡಿಸಬಾರದೆಂಬ ಸಾಮಾನ್ಯ ಜನರ ಪ್ರಶ್ನೆಯನ್ನು ಆತ ಆ ವಾದಗಳಲ್ಲಿ ಎತ್ತಿದ್ದಾನೆ. ಆಗ ಶುದ್ಧೀಕರಣದ ಅವಸ್ಥೆಯನ್ನು ಅಲ್ಲಗಳೆಯದಿದ್ದವನು ೧೫೩೦ರ ಹೊತ್ತಿಗೆ ಅದನ್ನೂ ನಿರಾಕರಿಸಿದ. ಪ್ರಾಟೆಸ್ಟಂಟರಿಗೆ ಅಕ್ಟೋಬರ್ ೩೧ ಇಂದಿಗೂ ಸುಧಾರಣೆಯ ದಿನ.

ಆ ಪೆಟ್ಟು ನ್ಯಾಯವಾದದ್ದೆಂದು ಧರ್ಮಸಭೆಯೇ ಒಂದು ಬಗೆಯಲ್ಲಿ ಒಪ್ಪಿಕೊಂಡಿತು. ಈ ವಿಷಯದಲ್ಲಿ ಮೂಢನಂಬಿಕೆ ಮತ್ತು ನೀಚ ಲಾಭದ ಸೋಂಕಿರುವುದನ್ನೆಲ್ಲ ಬಿಷಪರು ನಿಷೇಧಿಸಬೇಕೆಂದು ಟ್ರೆಂಟ್ ಮಹಾಸಭೆ ವಿಧಿಸಿತು. ೧೫೬೭ರಲ್ಲಿ ಪೋಪ್ ೫ನೆಯ ಪಯಸ್ ಹಣಕಾಸಿನ ವ್ಯವಹಾರ ಸೇರಿದ ಕ್ಷಮಾಪತ್ರಗಳನ್ನು ರದ್ದುಮಾಡಿದರು. ಆದರೆ ಮಾರಾಟ ಕೆಟ್ಟದ್ದೆಂಬುದರಿಂದ ಮಾರಲ್ಪಟ್ಟ ವಸ್ತುವೇ ಸುಳ್ಳೆಂದು ಸಿದ್ಧವಾಗುವುದಿಲ್ಲ. ವಿದ್ಯೆಯನ್ನು ಮಾರುವವರಿದ್ದಾರೆಂದು ವಿದ್ಯೆ ಇಲ್ಲವೆನ್ನಲಾಗದು.

ಮೂಲಪ್ರಶ್ನೆಗೆ ಉತ್ತರವನ್ನು ಬೇರೆ ಕಡೆ ಹುಡುಕಬೇಕು. ಮನುಷ್ಯರು ಒಬ್ಬರಿಂದೊಬ್ಬರು ಬೇರೆಯಾಗಿ, ಡಬ್ಬಿಯಲ್ಲಿಟ್ಟ ಕಾಳಿನಂತೆ ಇದ್ದಿದ್ದರೆ ಆ ಆಕ್ಷೇಪಕ್ಕೆ ಉತ್ತರವೇ ಇರುತ್ತಿರಲಿಲ್ಲ. ಆದರೆ ನಾವು ಹಾಗಿಲ್ಲ. ನಾವು ಆಡುವ ಮಾತು ಬೇರೆಯವರು ಕಲಿಸಿದ್ದು, ನಮ್ಮ ಹೆಸರು ಬೇರೆಯವರು ಇಟ್ಟದ್ದು, ನಮ್ಮ ಕೋಪತಾಪಗಳಲ್ಲಿ ಅರ್ಧ ಬೇರೆಯವರು ಅಂಟಿಸಿದ್ದು. ಇನ್ನೊಬ್ಬರ ದೋಷ ನಮ್ಮನ್ನು ಕೆಡಿಸಬಲ್ಲುದೆಂದು ನಾವು ಸಂಶಯವಿಲ್ಲದೆ ಒಪ್ಪುತ್ತೇವೆ. ಹಾಗಾದರೆ ಇನ್ನೊಬ್ಬರ ಪ್ರೀತಿ ನಮ್ಮನ್ನು ತಿದ್ದಬಲ್ಲುದೆಂದು ಒಪ್ಪಲು ಏನು ಅಡ್ಡಿ? ಪೋಪ್ ೧೬ನೆಯ ಬೆನೆಡಿಕ್ಟ್ ೨೦೦೭ರ ‘ಸ್ಪೇ ಸಾಲ್ವಿ’ ಎಂಬ ತಮ್ಮ ಪರಿಪತ್ರದಲ್ಲಿ ಇದೇ ಜಾಡಿನಲ್ಲಿ ವಿಚಾರ ಮಾಡಿದ್ದಾರೆ: ಯಾರೂ ಒಂಟಿಯಾಗಿ ಬಾಳುವುದಿಲ್ಲ, ಒಂಟಿಯಾಗಿ ಪಾಪಮಾಡುವುದಿಲ್ಲ, ಒಂಟಿಯಾಗಿ ಉದ್ಧಾರವಾಗುವುದೂ ಇಲ್ಲ, ಆದ್ದರಿಂದ ಇನ್ನೊಬ್ಬರ ಹೃದಯವನ್ನು ಮುಟ್ಟಲು ಎಂದಿಗೂ ಹೊತ್ತು ಮೀರುವುದಿಲ್ಲವೆಂಬುದು ಅವರ ಮಾತಿನ ಸಾರ. ದೇವರು ಲಂಚಕ್ಕೆ ಮಣಿಯುವ ನ್ಯಾಯಾಧೀಶನೆಂದು ಇದರಿಂದ ಹೇಳಿದಂತಾಗುವುದಿಲ್ಲ. ಅವನು ನಮ್ಮನ್ನು ಒಬ್ಬರಿಗೊಬ್ಬರು ಹೆಣೆದೇ ಸೃಷ್ಟಿಸಿದನೆಂದು, ಸಾವು ಆ ಹೆಣಿಗೆಯನ್ನು ಬಿಚ್ಚಲಿಲ್ಲವೆಂದು ಹೇಳಿದಂತಾಗುತ್ತದೆ.

ಸಂತ ಅಗಸ್ಟೀನನ ತಾಯಿ ಮೋನಿಕ ಕ್ರಿ.ಶ. ೩೮೭ರಲ್ಲಿ ರೋಮಿನ ಬಳಿಯ ಓಸ್ತಿಯಾ ಬಂದರಿನಲ್ಲಿ ತೀರಿಕೊಂಡಳು. ಹುಟ್ಟಿದ ನಾಡು ಆಫ್ರಿಕ. ಅಲ್ಲಿ ಗಂಡನ ಪಕ್ಕದಲ್ಲಿ ತನಗಾಗಿ ಸಮಾಧಿಯನ್ನೂ ಮಾಡಿಸಿಟ್ಟಿದ್ದಳು. ಆದರೂ ಕೊನೆಗಾಲದಲ್ಲಿ ಮಕ್ಕಳಿಗೆ ಆಕೆ ಹೇಳಿದ್ದು, ಈ ದೇಹವನ್ನು ಎಲ್ಲಿಯಾದರೂ ಹೂಳಿ, ನೀವು ಎಲ್ಲಿದ್ದರೂ ಪ್ರಭುವಿನ ಪೀಠದ ಬಳಿ ನನ್ನನ್ನು ನೆನೆಯಿರಿ ಎಂದು. ಮುಂದೆ ಅಗಸ್ಟೀನನು ಸತ್ತವರ ಆರೈಕೆಯನ್ನು ಕುರಿತು ಬರೆದ ಪುಸ್ತಕದಲ್ಲಿ, ಶವಸಂಸ್ಕಾರದ ಆಡಂಬರ ಬದುಕಿರುವವರ ಸಮಾಧಾನಕ್ಕೇ ಹೊರತು ಸತ್ತವರ ಉಪಯೋಗಕ್ಕಲ್ಲ ಎಂದ. ತಾಯಿಯ ಮಾತು ಮಗನ ತತ್ತ್ವವಾಯಿತೆಂದು ತೋರುತ್ತದೆ.

ಸತ್ತವರಿಗಾಗಿ ಪ್ರಾರ್ಥಿಸುವುದನ್ನು ನಿಲ್ಲಿಸಿದರೆ ಏನಾಗುತ್ತದೆ? ಇಂಗ್ಲೆಂಡಿನಲ್ಲಿ ಅದೂ ನಡೆಯಿತು. ಮೃತರಿಗಾಗಿ ನಿತ್ಯ ಪ್ರಾರ್ಥನೆ ನಡೆಯಲೆಂದು ಬಿಟ್ಟಿದ್ದ ದತ್ತಿಗಳನ್ನು ೧೫೪೭ರ ಕಾಯಿದೆ ಸರ್ಕಾರಕ್ಕೆ ಸೇರಿಸಿತು. ಸಂತರ ಹಬ್ಬದ ರಾತ್ರಿ ಆತ್ಮಗಳಿಗಾಗಿ ಗಂಟೆ ಬಾರಿಸುವುದು ನಿಷಿದ್ಧವಾಯಿತು. ಆದರೆ ಭೂತಗಳು ಹೋಗಲಿಲ್ಲ. ಮಧ್ಯಯುಗದ ಕಥೆಗಳಲ್ಲಿಯೂ ಭೂತಗಳುಂಟು. ಅವು ಸಾಮಾನ್ಯವಾಗಿ ಒಂದು ಬಲಿಪೂಜೆಯನ್ನೋ, ತೀರದ ಸಾಲವೊಂದರ ಮರುಪಾವತಿಯನ್ನೋ ಬೇಡಲು ಬರುತ್ತಿದ್ದವು. ಕೊಟ್ಟರೆ ಶಾಂತವಾಗಿ ಹೋಗುತ್ತಿದ್ದವು. ಕೊಡುವುದು ನಿಂತ ಮೇಲೆ ಅವು ಬರುವುದು ನಿಲ್ಲಲಿಲ್ಲ. ಏನು ಕೇಳಬೇಕೆಂಬುದೇ ಅವಕ್ಕೆ ತಿಳಿಯದಾಯಿತು. ೧೬೦೦ರ ಸುಮಾರಿಗೆ ಷೇಕ್ಸ್‌ಪಿಯರ್ ಬರೆದ ‘ಹ್ಯಾಮ್ಲೆಟ್’ ನಾಟಕದಲ್ಲಿ ಸತ್ತ ರಾಜ ತನ್ನ ಪಾಪಗಳು ಸುಟ್ಟು ಶುದ್ಧವಾಗುವವರೆಗೆ ಬೆಂಕಿಯಲ್ಲಿ ಇರಬೇಕಾದವನಾಗಿ ಬರುತ್ತಾನೆ. ಅವನ ಮಗ ಓದಿದ್ದು ಲೂಥರನ ವಿಟೆನ್‌ಬರ್ಗಿನಲ್ಲಿ. ಮಗನಿಂದ ಆ ತಂದೆ ಪ್ರಾರ್ಥನೆಯನ್ನು ಕೇಳುವುದಿಲ್ಲ, ಸೇಡನ್ನು ಕೇಳುತ್ತಾನೆ. ಒಂದು ಮನೆತನವೆಲ್ಲ ಅದರಲ್ಲಿ ನಾಶವಾಗುತ್ತದೆ. ಸತ್ತವರಿಗೆ ಸಲ್ಲಬೇಕಾದ್ದು ಸಲ್ಲದೆ ಹೋದರೆ ಅವರು ನಮ್ಮಿಂದ ಬೇರೆ ಏನನ್ನೋ ಕಿತ್ತುಕೊಳ್ಳುತ್ತಾರೆಂದು ಆ ನಾಟಕವನ್ನು ನೋಡಿದವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಆದರೂ ಹಳ್ಳಿಗರು ಬೇಗ ಮರೆಯಲಿಲ್ಲ. ಇಂಗ್ಲೆಂಡಿನ ಚೆಷೈರ್, ಷ್ರಾಪ್‌ಷೈರ್ ಪ್ರಾಂತಗಳಲ್ಲಿ ಬಡವರೂ ಮಕ್ಕಳೂ ಈ ದಿನಗಳಲ್ಲಿ ಮನೆಮನೆಗೆ ಹೋಗಿ ಹಾಡಿ ‘ಆತ್ಮದ ರೊಟ್ಟಿ’ ಬೇಡುವ ಪದ್ಧತಿ ೧೯ನೆಯ ಶತಮಾನದಲ್ಲಿಯೂ ಉಳಿದಿತ್ತು. ಮೂಲದಲ್ಲಿ ಇದೊಂದು ಸುಂದರವಾದ ಕೊಡುಕೊಳುಗೆ: ಉಳ್ಳವನು ರೊಟ್ಟಿ ಕೊಡುವುದು, ಪಡೆದ ಬಡವನು ಆ ಮನೆಯ ಸತ್ತವರಿಗಾಗಿ ಪ್ರಾರ್ಥಿಸುವುದು. ಬಾಗಿಲಲ್ಲಿ ನಿಂತ ಭಿಕ್ಷುಕನಿಗೆ ಕೊಡಲೂ ಒಂದು ವಸ್ತು ಇತ್ತು. ಒಳಗಿದ್ದ ಯಜಮಾನನಿಗೆ ಅದರ ಅಗತ್ಯವಿತ್ತು. ಇಂದಿನ ಅಮೆರಿಕದ ಮಕ್ಕಳ ಮಿಠಾಯಿ ಬೇಡಿಕೆ ೧೯೨೦, ೩೦ರ ದಶಕಗಳಲ್ಲಿ ರೂಪುಗೊಂಡದ್ದು. ಅದರಲ್ಲಿ ಪಡೆಯುವುದು ಉಂಟು, ಪ್ರತಿಯಾಗಿ ಕೊಡುವುದು ಇಲ್ಲ; ಕೊಡದಿದ್ದರೆ ಕೀಟಲೆ ಮಾಡುತ್ತೇವೆಂಬ ಬೆದರಿಕೆ ಉಂಟು. ೧೯೫೦ರಲ್ಲಿ ಫಿಲಡೆಲ್ಫಿಯದ ಮಕ್ಕಳು ಮಿಠಾಯಿಗೆ ಬದಲಾಗಿ ಹಾಲಿನ ಡಬ್ಬಗಳಲ್ಲಿ ಯುನಿಸೆಫ್ ಸಂಸ್ಥೆಗಾಗಿ ಚಿಲ್ಲರೆ ಕೂಡಿಸಿದಾಗ ಹಳೆಯ ಅರ್ಥದ ಒಂದು ಎಳೆ ಮತ್ತೆ ಕಾಣಿಸಿತೆನ್ನಬೇಕು.

ಅರ್ಥ ಕಳೆದದ್ದಕ್ಕೆ ಪೇಟೆಯನ್ನೊಂದೇ ದೂರಿ ಫಲವಿಲ್ಲ. ಸಕಲ ಸಂತರ ಹಬ್ಬದ ಮುನ್ನಾದಿನಕ್ಕೆ ಧರ್ಮಸಭೆಯ ಪಂಚಾಂಗದಲ್ಲಿ ತನ್ನದೇ ಆದ ಜಾಗರದ ಆರಾಧನೆ ಇತ್ತು. ೧೯೫೫ರಲ್ಲಿ ಪೋಪ್ ೧೨ನೆಯ ಪಯಸ್ ಪಂಚಾಂಗವನ್ನು ಸರಳಗೊಳಿಸಿದಾಗ ಅದು ಹೋಯಿತು. ಸರಳತೆಗೆ ಕಾರಣಗಳಿದ್ದವು. ಆದರೆ ಒಡೆಯನು ಬಿಟ್ಟ ಅಂಗಳದಲ್ಲಿ ಸಂತೆಯವರು ಬಿಡಾರ ಹೂಡಿದರೆ ಸಂತೆಯವರನ್ನು ಬಯ್ಯುವುದು ಹೇಗೆ?

ವೇಷದ ವಿಷಯವೇನು? ಎಲುಬುಗೂಡಿನ ಅಂಗಿ ತೊಟ್ಟ ಮಗುವನ್ನು ಕಂಡು ಹೆದರಬೇಕಾದ್ದಿಲ್ಲ. ಸಾವನ್ನು ಅಣಕಿಸುವುದು ಕ್ರೈಸ್ತರಿಗೆ ಹೊಸದೂ ಅಲ್ಲ, ನಿಷಿದ್ಧವೂ ಅಲ್ಲ. ಸಂತ ಪೌಲನೇ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಸಾವನ್ನು ಮೂದಲಿಸಿದ್ದಾನೆ. ಆದರೆ ನಗುವಿನಲ್ಲಿ ಎರಡು ಬಗೆ. ಗೆದ್ದವನ ನಗು ಒಂದು. ಕತ್ತಲ ದಾರಿಯಲ್ಲಿ ಹೋಗುವವನು ಭಯ ಮರೆಯಲು ಹಾಡಿಕೊಳ್ಳುವಂಥ ನಗು ಇನ್ನೊಂದು. ಅಜ್ಜಿ ಸತ್ತಾಗ ಮಗುವನ್ನು ಪಕ್ಕದ ಮನೆಗೆ ಸಾಗಿಸಿ, ಶವವನ್ನು ತೋರಿಸದೆ, ‘ಊರಿಗೆ ಹೋಗಿದ್ದಾಳೆ’ ಎಂದು ಹೇಳಿ, ಅಕ್ಟೋಬರಿನಲ್ಲಿ ಅದೇ ಮಗುವಿಗೆ ಪ್ಲಾಸ್ಟಿಕ್ಕಿನ ತಲೆಬುರುಡೆ ಕೊಡಿಸುವವರು ಎರಡನೆಯ ಬಗೆಯವರು. ಮಗುವಿಗೆ ಬುರುಡೆ ಗೊತ್ತಾಯಿತು, ಅಜ್ಜಿ ಗೊತ್ತಾಗಲಿಲ್ಲ. ಇದು ಕ್ಯಾಥೊಲಿಕರಿಗೆ ಮಾತ್ರ ಹೇಳುವ ಮಾತಲ್ಲ.

ಸತ್ತವರಿಗೆ ಸಲ್ಲಿಸುವ ಈ ಋಣ ಎಷ್ಟು ನಿಜವಾದದ್ದೆಂಬುದಕ್ಕೆ ಎರಡು ನಿದರ್ಶನ ಸಾಕು. ಮೊದಲ ಮಹಾಯುದ್ಧ ನಡೆಯುತ್ತಿದ್ದ ೧೯೧೫ರಲ್ಲಿ ಪೋಪ್ ೧೫ನೆಯ ಬೆನೆಡಿಕ್ಟ್ ನವೆಂಬರ್ ೨ರಂದು ಪ್ರತಿಯೊಬ್ಬ ಪಾದ್ರಿಯೂ ಮೂರು ಬಲಿಪೂಜೆ ಮಾಡಬಹುದೆಂದು ಅಪ್ಪಣೆ ಕೊಟ್ಟರು. ರಣರಂಗದಲ್ಲಿ ಸಾಯುತ್ತಿದ್ದ ಯುವಕರು ಒಂದು ಕಾರಣ. ಹಿಂದಿನವರು ತಮ್ಮ ಆತ್ಮಕ್ಕಾಗಿ ಬಿಟ್ಟಿದ್ದ ದತ್ತಿಗಳು ಜಪ್ತಿಯಾಗಿಯೋ ಬೇರೆ ರೀತಿಯಲ್ಲಿಯೋ ನಷ್ಟವಾಗಿ, ವಾಗ್ದಾನ ಮಾಡಿದ ಪೂಜೆಗಳು ನಡೆಯದೆ ಉಳಿದಿದ್ದುದು ಇನ್ನೊಂದು ಕಾರಣ. ಒಂದು ಪೂಜೆಗೆ ಮಾತ್ರ ಕಾಣಿಕೆ ಪಡೆಯಬಹುದು. ಉಳಿದ ಎರಡಕ್ಕೆ ಕೂಡದು. ಲೂಥರನ ಪ್ರಶ್ನೆಗೆ ತಡವಾಗಿ ಬಂದ ಉತ್ತರವೆಂದರೂ ಸಲ್ಲುತ್ತದೆ: ಸತ್ತವರ ಬಾಕಿಯನ್ನು ಬದುಕಿರುವವರು ಪ್ರೀತಿಯಿಂದ ಬಿಟ್ಟಿಯಾಗಿ ತೀರಿಸಬೇಕು.

ಇನ್ನೊಂದು, ಕೋವಿಡ್ ಕಾಲದ್ದು. ಪೋಲೆಂಡಿನಲ್ಲಿ ಸಂತರ ಹಬ್ಬಕ್ಕೆ ದೇಶಕ್ಕೆ ದೇಶವೇ ಸಮಾಧಿಗಳ ಕಡೆ ಹೊರಡುತ್ತದೆ. ಸೇವಂತಿಗೆ ಹೂವು, ಗಾಜಿನ ಹಣತೆಗಳಿಂದ ರುದ್ರಭೂಮಿಗಳು ರಾತ್ರಿ ದೂರಕ್ಕೆ ಹೊಳೆಯುತ್ತವೆ. ೨೦೨೦ರಲ್ಲಿ ಸರ್ಕಾರ ಅಕ್ಟೋಬರ್ ೩೦ರಂದು, ಮರುದಿನದಿಂದ ಮೂರು ದಿನ ರುದ್ರಭೂಮಿಗಳನ್ನು ಮುಚ್ಚುವುದಾಗಿ ಸಾರಿತು. ಮಾರಾಟವಾಗದೆ ಉಳಿದ ಸೇವಂತಿಗೆಗಾಗಿ ವ್ಯಾಪಾರಿಗಳಿಗೆ ಸರ್ಕಾರವೇ ನೆರವು ಕೊಡಬೇಕಾಯಿತು. ಒಂದು ವಾರಕ್ಕೆ ಸೀಮಿತವಾಗಿದ್ದ ಸಮಾಧಿದರ್ಶನದ ಪುಣ್ಯಫಲವನ್ನು ಆ ವರ್ಷ ವ್ಯಾಟಿಕನ್ ನವೆಂಬರ್ ತಿಂಗಳಿಗೆಲ್ಲ ವಿಸ್ತರಿಸಿತು. ಅದೇ ಸೋಂಕಿನ ದಿನಗಳಲ್ಲಿ ನಮ್ಮ ದೇಶದಲ್ಲಿಯೂ ತಮ್ಮವರ ಮುಖವನ್ನು ಕೊನೆಯದಾಗಿ ನೋಡಲಾಗದೆ, ಹೆಗಲು ಕೊಡಲಾಗದೆ ಉಳಿದವರು ಎಷ್ಟೋ ಮಂದಿ. ಅವರ ಸಂಕಟವನ್ನು ‘ಸತ್ತವರಿಗೆ ಏನು ತಿಳಿಯುತ್ತದೆ?’ ಎಂಬ ವಾದದಿಂದ ಸಮಾಧಾನಪಡಿಸಲು ಯಾರಾದರೂ ಸಾಹಸಪಟ್ಟಾರೆಯೆ? ಉಯಿಲನ್ನು ಗೌರವಿಸಬೇಕು, ಸಾಯುವವನಿಗೆ ಕೊಟ್ಟ ಮಾತನ್ನು ನಡೆಸಬೇಕು ಎಂದು ದೇವರನ್ನು ನಂಬದವನೂ ಒಪ್ಪುತ್ತಾನೆ. ಋಣವನ್ನು ಅವನೂ ಬಲ್ಲ. ಆ ಋಣಕ್ಕೆ ಎದುರುಗಡೆ ಪಡೆಯುವವನು ಇನ್ನೂ ಇದ್ದಾನೆ ಎಂದು ಹೇಳುವಲ್ಲಿ ಕ್ಯಾಥೊಲಿಕನು ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ.

ಮಂಗಳೂರಿನ ಕಡೆಯ ಇಗರ್ಜಿಗಳ ಸಮಾಧಿ ಭೂಮಿಯಲ್ಲಿ, ಬೆಂಗಳೂರಿನ ಹೊಸೂರು ರಸ್ತೆಯ ಕ್ರೈಸ್ತ ರುದ್ರಭೂಮಿಯಲ್ಲಿ, ನವೆಂಬರ್ ೨ರಂದು ಜನ ಹುಲ್ಲು ಕಿತ್ತು, ಕಲ್ಲು ತೊಳೆದು, ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತಾರೆ. ಪಾದ್ರಿಗಳು ತೀರ್ಥ ತಳಿಯುತ್ತ ಸಾಲಿನಿಂದ ಸಾಲಿಗೆ ನಡೆಯುತ್ತಾರೆ. ಮಕ್ಕಳು ಗೋರಿಗಳ ನಡುವೆ ಓಡಾಡಿ, ಅಜ್ಜನ ಹೆಸರನ್ನು ಅಕ್ಷರ ಕೂಡಿಸಿ ಓದುತ್ತವೆ. ಅಲ್ಲಿ ಯಾರೂ ಭೂತದ ವೇಷ ಹಾಕಿರುವುದಿಲ್ಲ. ಯಾರಿಗೂ ಭಯವೂ ಇರುವುದಿಲ್ಲ. ಅಕ್ಟೋಬರ್ ೩೧ರಂದು ಮಕ್ಕಳು ಕುಂಬಳಕಾಯಿಯಲ್ಲಿ ದೀಪವಿಟ್ಟು ಆಡಿದರೆ ಆಡಿಕೊಳ್ಳಲಿ. ಎರಡು ದಿನ ಕಳೆದ ಮೇಲೆ ಅವರ ಕೈಹಿಡಿದು ಈ ಇನ್ನೊಂದು ದೀಪದ ಬಳಿಗೆ ಕರೆದುಕೊಂಡು ಹೋಗುವ ಹಿರಿಯರು ಮನೆಯಲ್ಲಿ ಇರುವ ತನಕ ಆ ಆಟದಿಂದ ಯಾವ ಕೇಡೂ ಇಲ್ಲ.